ಕರಿಕಿವಿಗೆ ಒಂದು ಸೀರೆ

ಗೋಣೆಪ್ಪ ಹೆಂಡತಿಯ ಸೀರೆ ಉಟ್ಟುಕೊಂಡು ಹಾಲು ಕರೆಯುತ್ತಾನೆ ಎಂಬುದು ಊರಿಗೆ ಗೊತ್ತಾದದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಅಲ್ಲಿಯತನಕ ಒಂದೂವರೆ ತಿಂಗಳು ಆ ಗುಟ್ಟನ್ನು ಅವನು ಹೇಗೆ ಕಾಪಾಡಿಕೊಂಡನೋ ಏನೋ. ಜಗಳೂರಿನಿಂದ ಅರ್ಧ ಗಂಟೆ ಬಸ್ಸು, ಇಳಿದ ಮೇಲೆ ಎರಡು ಮೈಲಿ ನಡಿಗೆ, ಇರುವುದೇ ಮೂವತ್ತು ಮನೆ. ಆ ಊರಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಮೂರನೇ ಮನೆಯವರು ಸೀನುತ್ತಾರೆ. ಅಂಥ ಕಡೆ ಒಬ್ಬ ಮೀಸೆ ಹೊತ್ತ ಗಂಡಸು ದಿನಾ ಎರಡು ಹೊತ್ತು ಸೀರೆ ಸುತ್ತಿಕೊಂಡು ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಸಣ್ಣ ಕೆಲಸವಲ್ಲ.

ಅವನಿಗೇನೂ ಸೀರೆಯ ಹುಚ್ಚಿರಲಿಲ್ಲ. ಎಲ್ಲ ಕರಿಕಿವಿಯ ದೆಸೆಯಿಂದ ಆದದ್ದು. ಕರಿಕಿವಿ ಅವನ ಆಕಳು. ಮೈಯೆಲ್ಲ ಕಂದು, ಎಡಗಿವಿ ಒಂದು ಮಾತ್ರ ಕಾಡಿಗೆ ಬಳಿದ ಹಾಗೆ. ಶಿವರಾತ್ರಿ ಕಳೆದ ನಾಲ್ಕನೇ ದಿನ ಅದರ ಕರು ಸತ್ತಿತು. ತಾಯಿಗೇ ಮೇವಿಲ್ಲ, ಇನ್ನು ಕರುವಿಗೆ ಎಲ್ಲಿಂದ ಕಸುವು ಬರಬೇಕು? ಭೇದಿ ಹತ್ತಿತು, ಎರಡು ದಿನಕ್ಕೆ ಮಲಗಿತು. ಕರು ಹೋದ ಮೇಲೆ ಕರಿಕಿವಿ ಯಾರಿಗೂ ಹಾಲು ಇಳಿಸಲಿಲ್ಲ, ಗೋಣೆಪ್ಪನ ಹೆಂಡತಿ ಶಂಕರಮ್ಮ ಒಬ್ಬಳನ್ನು ಬಿಟ್ಟು. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ನೀವಿದರೆ ಸಾಕು, ಆಕಳು ಕಣ್ಣು ಅರೆಮುಚ್ಚಿ ನಿಲ್ಲುತ್ತಿತ್ತು.

ಆದರೆ ಮಾರನೆಯ ವಾರವೇ ಶಂಕರಮ್ಮ ಊರು ಬಿಡಬೇಕಾಯಿತು.

ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತ್ತು. ಹಿಂಗಾರು ಮುಖವನ್ನೇ ತೋರಿಸಲಿಲ್ಲ. ಸಂಕ್ರಾಂತಿ ಹೊತ್ತಿಗೆ ಊರಿನ ಬಣವೆಗಳೆಲ್ಲ ತಳ ಕಂಡಿದ್ದವು. ದನಗಳು ಒಂದೊಂದಾಗಿ ಊರು ಬಿಟ್ಟವು. ಕೆಲವು ಸಂತೆಗೆ, ಕೆಲವು ಗೋಶಾಲೆಗೆ, ಉಳಿದವು ನೀರಾವರಿ ಕಡೆಯ ನೆಂಟರ ಮನೆಗೆ. ಆ ಸೀಮೆಯವರು ಬರ ಬಿದ್ದಾಗ ಮಾಡುವುದೇ ಹಾಗೆ. ಬೇಸಿಗೆ ರಜೆಗೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿದಂತೆ ದನಗಳನ್ನು ಹುಲ್ಲಿರುವ ನೆಂಟರಲ್ಲಿಗೆ ಕಳಿಸುತ್ತಾರೆ, ಮಳೆ ಬಿದ್ದ ಮೇಲೆ ಕರೆತರುತ್ತಾರೆ. ಶಂಕರಮ್ಮನ ತಮ್ಮ ತಿಪ್ಪೇರುದ್ರ ಇದ್ದದ್ದು ಹೊನ್ನಾಳಿ ತಾಲೂಕಿನ ಸಾಸ್ವೆಹಳ್ಳಿಯಲ್ಲಿ. ಹೊಳೆ ಪಕ್ಕದ ಊರು. ಹಿತ್ತಲಲ್ಲಿ ಭತ್ತದ ಹುಲ್ಲಿನ ಬಣವೆ. ಅವನು ಫೋನಿನಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ:

"ಅಕ್ಕಾ, ಎರಡು ಎಮ್ಮೆ ಕಳ್ಸು. ಮೂರನೇದಕ್ಕೆ ಜಾಗ ಇಲ್ಲ. ಆದ್ರೆ ನೀನೂ ಜೊತಿಗೆ ಬಾ. ನಿನ್ನ ಎಮ್ಮೆ ನಿನ್ನಂಗೇ ಅದಾವೆ, ಬ್ಯಾರೆಯೋರ ಮಾತು ಕೇಳಲ್ಲ. ನಮ್ಮ ಕೈಲಿ ಆಗಲ್ಲ."

ಎರಡೆಮ್ಮೆಗಳಲ್ಲಿ ಒಂದು ಗಬ್ಬ, ಇನ್ನೊಂದು ಹಾಲು ಕೊಡುತ್ತಿತ್ತು. ಶಂಕರಮ್ಮ ಗಂಡನ ಮುಂದೆ ಕೂತು ಲೆಕ್ಕಾಚಾರ ಹಾಕಿದಳು.

"ನೀವೂ ಬರ್ರಿ. ಕರಿಕಿವಿನ ಯಾರಿಗಾದ್ರೂ ಕೊಟ್ಟುಬಿಡಾನ. ಮನೆಗೆ ಬೀಗ ಹಾಕಾನ."

"ಭಾಮೈದನ ಮನೇಲಿ ಕೂತು ಉಣ್ಣಾಕೆ ನನಗೇನು ಕೈಕಾಲು ಬಿದ್ದಾವಾ?"

"ಕೂತು ಉಣ್ರಿ ಅಂದೋರ್ಯಾರು? ಸಗಣಿ ಬಾಚ್ರಿ, ಉಣ್ರಿ."

"ಕೊಟ್ಟಿಗೆ ಖಾಲಿ ಬಿಡಬಾರದು ಕಣೇ. ನಮ್ಮವ್ವ ಇದ್ದಾಗಿಂದ ಒಂದು ದಿನ ಖಾಲಿ ಬಿಟ್ಟಿಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಕರಿಕಿವಿ ಹಾಲು ಕೊಡುವ ತನಕ ಗೋಣೆಪ್ಪ ಊರಲ್ಲಿರಬಹುದು. ಅದು ಬತ್ತಿಸಿಕೊಂಡ ದಿನ ಅದನ್ನು ಮಾರಿ, ಬೀಗ ಜಡಿದು, ಬಾಯಿ ಮುಚ್ಚಿಕೊಂಡು ಸಾಸ್ವೆಹಳ್ಳಿಗೆ ಬರಬೇಕು. ಪಿಕಪ್ ಗಾಡಿಯಲ್ಲಿ ಎರಡೆಮ್ಮೆಗಳ ನಡುವೆ ಹಗ್ಗ ಹಿಡಿದು ನಿಂತು ಶಂಕರಮ್ಮ ಹೋದಳು. ಮಗಳು ಆಶಾ ನ್ಯಾಮತಿಯಲ್ಲಿ ಗಂಡನ ಮನೆಯಲ್ಲಿದ್ದಳು, ಅವಳಿಗೆ ಅವಳದೇ ನಾಲ್ಕು ದನ. ಅಂತೂ ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ ಗೋಣೆಪ್ಪ ಒಬ್ಬನೇ ಉಳಿದ.

ಮೊದಲ ಮೂರು ದಿನ ಕರಿಕಿವಿ ಅವನನ್ನು ಒದ್ದದ್ದೇ ಒದ್ದದ್ದು. ಚೊಂಬು ಒಂದು ಕಡೆ, ಅವನು ಒಂದು ಕಡೆ. ನಾಲ್ಕನೇ ದಿನ ಮಾನ ಬಿಟ್ಟು ಫೋನ್ ಮಾಡಿದ.

"ನನ್ನ ಹಸಿರು ಸೀರೆ ಐತಲ್ಲ, ಕೆಲಸಕ್ಕೆ ಉಡಾದು, ಕೊಟ್ಟಿಗೆ ಗೂಟಕ್ಕೆ ನೇತಾಕಿ ಬಂದೀನಿ. ಅದನ್ನ ಉಟ್ಕಳ್ರಿ," ಎಂದಳು ಶಂಕರಮ್ಮ.

"ನಿನಗೇನು ತಲೆಗಿಲೆ ಕೆಟ್ಟೈತಾ?"

"ನಾಚಿಕೆ ಆದ್ರೆ ಬಾಗಿಲು ಹಾಕ್ಕಳ್ರಿ. ಆಕಳೇನು ಊರ ಮುಂದೆ ಹೇಳ್ಕಂಡು ಬರಲ್ಲ."

ಬಾಗಿಲು ಹಾಕಿಕೊಂಡ. ಅಂಗಿ ಪಂಚೆಯ ಮೇಲೆಯೇ ಸೀರೆ ಸುತ್ತಿದ, ಸೆರಗನ್ನು ತಲೆ ಮೇಲೆ ಎಳೆದು ಮೀಸೆ ಮುಚ್ಚಿಕೊಂಡ. ಕರಿಕಿವಿ ತಿರುಗಿ ಸೀರೆ ಮೂಸಿತು. ಒದೆಯಲಿಲ್ಲ. ಆದರೆ ಹಾಲೂ ಇಳಿಸಲಿಲ್ಲ. ಮತ್ತೆ ಫೋನ್.

"ನೀನು ಅದರ ಜೊತೆ ಏನೋ ಮಾತಾಡ್ತಿದ್ದೆಲ್ಲ. ಏನದು?"

ಆ ಕಡೆ ಎಮ್ಮೆಯನ್ನು ಗದರಿಸಿದ ಸದ್ದು. ಆಮೇಲೆ ಶಂಕರಮ್ಮ ಹೇಳಿದಳು: "ನಿಮ್ಮನ್ನೇ ಬೈಕಂತಿದ್ದೆ."

ಹೀಗಾಗಿ ಗೋಣೆಪ್ಪ ದಿನಾ ಬೆಳಿಗ್ಗೆ ಸಂಜೆ, ದನಿಯನ್ನು ಸಣ್ಣ ಮಾಡಿಕೊಂಡು, ತನ್ನನ್ನೇ ಬೈಯಲು ಶುರು ಮಾಡಿದ. "ಆ ಗೋಣೆಪ್ಪ ಅದಾನಲ್ಲ, ಉಂಡ ತಟ್ಟೆ ಎತ್ತಲ್ಲ. ಹೇಳಿದ್ದು ತರಲ್ಲ, ಹೇಳದ್ದು ತತ್ತಾನೆ." ಹಾಲು ಸೊರ್ ಸೊರ್ ಎಂದು ಚೊಂಬಿಗೆ ಬಿತ್ತು. ಅವನಿಗೆ ನಗು ಬಂತು.

ಮೊದಲ ವಾರ ಗೊತ್ತಿದ್ದ ತಪ್ಪುಗಳೇ ಸಾಕಾದವು. ಎರಡನೇ ವಾರಕ್ಕೆ ದಾಸ್ತಾನು ಮುಗಿಯಿತು. ಆಮೇಲೆ ಹುಡುಕಬೇಕಾಯಿತು. ಆಶಾಳ ಬಾಣಂತನದಲ್ಲಿ ಶಂಕರಮ್ಮ ಹದಿನೈದು ದಿನ ನಿದ್ದೆ ಇಲ್ಲದೆ ಕೂತದ್ದು, ತಾನು ಕುರಿ ನೋಡುವ ನೆಪ ಹೇಳಿ ಹೊರಗೇ ಮಲಗಿದ್ದು. ಅವಳ ಅವ್ವ ತೀರಿಕೊಂಡಾಗ ಮಣ್ಣಿಗೆ ಹೋಗಿ ಅದೇ ದಿನ ಹೊರಡು ಎಂದು ಅವಸರ ಮಾಡಿದ್ದು. ಹೀಗೆ ಒಂದೊಂದೇ ನೆನಪಾಗಿ, ಆಕಳಿನ ಹೊಟ್ಟೆಗೆ ಹಣೆ ಒತ್ತಿ ಹೇಳಿಕೊಳ್ಳುತ್ತಾ ಹೋದ. ಆಗ ದನಿ ಸಣ್ಣ ಮಾಡುವುದೂ ಮರೆತುಹೋಗುತ್ತಿತ್ತು. ಕರಿಕಿವಿಗೆ ದನಿ ಯಾರದಾದರೇನು, ಬೈಗುಳ ನಿಲ್ಲದಿದ್ದರೆ ಆಯಿತು.

ಆ ಒಂದೂವರೆ ಲೀಟರ್ ಹಾಲು ಕ್ಯಾನಿಗೆ ಹಾಕಿಕೊಂಡು ಡೈರಿಗೆ ಹೋಗುವುದೇ ಅವನ ದಿನದ ಹಬ್ಬ. ಇಪ್ಪತ್ತೈದು ಜನ ನಿಲ್ಲುತ್ತಿದ್ದ ಸಾಲಿನಲ್ಲಿ ಈಗ ಒಂಬತ್ತು ಜನ. ಡೈರಿಯ ಕಾರ್ಯದರ್ಶಿ ಹೇಮಾವತಿ ಬಾಯಿಜೋರಿನ ಹೆಣ್ಣುಮಗಳು.

"ಏನ್ ದೊಡ್ಡಪ್ಪ, ದೊಡ್ಡವ್ವ ಇಲ್ದೆ ನೀನೇ ಕರೀತೀಯಾ? ಆಕಳಿಗೆ ಏನ್ ಮಂತ್ರ ಹಾಕಿದ್ಯೋ?"

"ನನ್ನ ಮುಖ ನೋಡಿ ಇಳಿಸ್ತೈತಮ್ಮ."

"ನಿನ್ನ ಮುಖ ನೋಡಿದ್ರೆ ಇರೋ ಹಾಲೂ ಒಡಿತೈತೆ."

ಅಷ್ಟೇ ಮಾತು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಮನೆಗೆ ಬಂದರೆ ಮತ್ತೆ ಆಕಳು ಮತ್ತು ಅವನು. ಸರ್ಕಾರದ ಮೇವು ಬ್ಯಾಂಕಿನಲ್ಲಿ ಆಕಳ ಕಿವಿಗೆ ಚುಚ್ಚಿದ ಓಲೆಯ ನಂಬರು ನೋಡಿ ಕೊಡುವ ಒಣಮೇವು ತರುವುದು, ಮೂರು ದಿನಕ್ಕೊಮ್ಮೆ ಬರುವ ಟ್ಯಾಂಕರಿಗೆ ಬಿಂದಿಗೆ ಸಾಲು ಹಚ್ಚುವುದು, ಒಂದು ಮುದ್ದೆ ಮಾಡಿ ಎರಡು ಹೊತ್ತು ಉಣ್ಣುವುದು. ಮನೆಯೊಳಗೆ ಮಾತಾಡಲು ಯಾರೂ ಇಲ್ಲದೆ ದನಿ ಕಟ್ಟಿ, ಡೈರಿಯಲ್ಲಿ ಮೊದಲ ಮಾತು ಹೊರಡುವಾಗ ಕೆಮ್ಮು ಬರುತ್ತಿತ್ತು.

ಕೆಲಸ ಕೆಡಿಸಿದ್ದು ಪಕ್ಕದ ಮನೆಯ ಅಂತರಘಟ್ಟಮ್ಮನ ಒಳ್ಳೆಯತನ.

ಆ ದಿನ ಅದೇನು ಪುಣ್ಯವೋ, ಟ್ಯಾಂಕರು ಎರಡು ಸಲ ಬಂತು. ಗೋಣೆಪ್ಪ ಮೇವು ತರಲು ಹೋಗಿದ್ದ. ಸಂಜೆ ಬಂದು ನೋಡಿದರೆ ಅಂಗಳದ ತಂತಿಯ ಮೇಲೆ ಹಸಿರು ಸೀರೆ ತೊಳೆದು ಹಿಂಡಿ ಹರವಿತ್ತು. ಸೋಪಿನ ಪುಡಿಯ ಘಮ ಬೀದಿ ತನಕ.

ಅಂತರಘಟ್ಟಮ್ಮ ಜಗಲಿ ಮೇಲಿಂದ ಕೂಗಿದಳು: "ಗೋಣೆಪ್ಪಣ್ಣ, ಶಂಕ್ರಕ್ಕನ ಸೀರೆ ಕೊಟ್ಟಿಗೇಲಿ ಗಬ್ಬು ನಾರ್ತಾ ನೇತಾಡ್ತಿತ್ತು. ಹೆಂಡ್ತಿ ಊರಾಗಿಲ್ಲ ಅಂದ್ರೆ ಅವಳ ಬಟ್ಟೆ ಹಂಗೆ ಬಿಡಾದಾ? ಎಲ್ಡು ಬಿಂದಿಗೆ ನೀರು ಹಿಡಿತು ನೋಡು, ಅಷ್ಟು ಕೊಳೆ."

ಗೋಣೆಪ್ಪ ತಂತಿಯ ಮೇಲಿನ ಸೀರೆ ಮೂಸಿ ನೋಡಿದ. ಆ ಬೇಸಿಗೆಯಲ್ಲಿ ಎರಡು ಬಿಂದಿಗೆ ನೀರು ಎಂದರೆ ಯಾರೂ ತಮ್ಮ ಸ್ವಂತ ಅಣ್ಣನಿಗೂ ಕೊಡದ ಉಡುಗೊರೆ. ಅದನ್ನು ಸುರಿದವಳನ್ನು ಬೈಯುವುದು ಹೇಗೆ? "ಒಳ್ಳೇದಾತು ಬಿಡು ತಂಗಿ," ಎಂದು ಒಳಗೆ ಹೋದ.

ಸಂಜೆ ಸೀರೆ ಉಟ್ಟು ಕೂತ. ಕರಿಕಿವಿ ಮೂಸಿತು, ಮೂಗರಳಿಸಿತು, ಒಂದೇ ಒದೆ. ಚೊಂಬು ಗೋಡೆಗೆ ಬಡಿದು ನೆಗ್ಗಿತು. ಬೈಗುಳದಿಂದಲೂ ಆಗಲಿಲ್ಲ. ಟ್ರಂಕಿನಿಂದ ಬೇರೆ ಎರಡು ಸೀರೆ ತೆಗೆದ, ನುಸಿಗುಳಿಗೆ ವಾಸನೆಗೆ ಅವನಿಗೇ ಸೀನು ಬಂತು. ಮಾರನೇ ಬೆಳಿಗ್ಗೆಯೂ ಅದೇ ಕಥೆ. ಕೈಯಿಂದ ಎಳೆದೆಳೆದು ಹಿಂಡಿದರೆ ಒಂದು ಲೋಟ ಹಾಲು. ಹೀಗೆ ನಾಲ್ಕೈದು ದಿನ ಬಿಟ್ಟರೆ ಆಕಳು ಬತ್ತಿಸಿಕೊಳ್ಳುತ್ತದೆ. ಬತ್ತಿಸಿಕೊಂಡರೆ ಬೀಗ.

ಖಾಲಿ ಕ್ಯಾನು ಹಿಡಿದು ಡೈರಿಗೆ ಹೋಗಿ ಹೇಮಾವತಿಗೆ ನಿಜ ಹೇಳಿದ. ಹೇಳದೆ ಇನ್ನೇನು ಮಾಡಬೇಕು? ಇಡೀ ಸಾಲಿನಲ್ಲಿ ಎದ್ದ ನಗುವಿಗೆ ಹೇಮಾವತಿಯ ಕೈಯಲ್ಲಿದ್ದ ಅಳತೆ ಪಾತ್ರೆ ಚೆಲ್ಲಿತು. ಸಾಲಿನಲ್ಲಿದ್ದ ಅಂತರಘಟ್ಟಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕೂತಳು.

"ಅಯ್ಯೋ ನನ್ ಶಿವನೇ! ಹೇಳಬಾರದಿತ್ತಾ ಗೋಣೆಪ್ಪಣ್ಣ? ಅದಕ್ಕೇ ಆ ಸೀರೇಲಿ ಬೀಡಿ ವಾಸ್ನೆ ಬತ್ತಿತ್ತು! ನಾನು ಶಂಕ್ರಕ್ಕ ಯಾವಾಗ ಕಲಿತಳಪ್ಪ ಅಂದ್ಕಂಡೆ."

ನಕ್ಕು ಮುಗಿದ ಮೇಲೆ ಹೇಮಾವತಿ ಕಣ್ಣೊರೆಸಿಕೊಂಡು ಹೇಳಿದಳು: "ದೊಡ್ಡಪ್ಪ, ನಾಳೆ ಫಸ್ಟ್ ಬಸ್ಸಿಗೆ ಹೋಗು. ದೊಡ್ಡವ್ವ ಉಟ್ಟು ಬಿಚ್ಚಿದ ಸೀರೆ ಒಂದು ಇಸ್ಕಂಡು ಬಾ. ಬರೀ ಸೀರೆ ಯಾಕೆ, ಒಳಗಿರೋರನ್ನೂ ಕರ್ಕಂಡು ಬಾ."

"ನಾನು ನೋಡ್ಕಂತೀನಿ ಆಕಳು," ಎಂದಳು ಅಂತರಘಟ್ಟಮ್ಮ. "ತೊಳೆದ ತಪ್ಪಿಗೆ."

ಜಗಳೂರಿನಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಅಲ್ಲಿಂದ ಸಾಸ್ವೆಹಳ್ಳಿ. ಮೂರು ಬಸ್ಸು ಬದಲಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹೊನ್ನಾಳಿ ದಾಟಿದ ಮೇಲೆ ತೋಟಗಳು ಶುರುವಾದವು. ಅಡಿಕೆ ಗಿಡಗಳ ಬುಡಕ್ಕೆ ಟ್ಯಾಂಕರಿನಲ್ಲಿ ನೀರು ಬಿಡುತ್ತಿದ್ದರು. ಕಿಟಕಿಯ ಪಕ್ಕ ಕೂತ ಗೋಣೆಪ್ಪ ಬಾಯಿ ತೆರೆದು ನೋಡಿದ. ಇಲ್ಲಿ ಮರವೂ ಟ್ಯಾಂಕರಿಗೆ ಸಾಲು ನಿಲ್ಲುತ್ತದೆ ಎಂದುಕೊಂಡ. ಹೆಂಡತಿಗೆ ಏನು ಹೇಳಬೇಕೆಂದು ಮೂರು ಬಸ್ಸಿನಲ್ಲೂ ಕೂಡಿಸಿ ಕಳೆದು ನೋಡಿದ. ಬಾ ಎನ್ನುವುದು ಎರಡಕ್ಷರದ ಮಾತೂ ಅಲ್ಲ, ಒಂದೇ ಅಕ್ಷರ. ಅಷ್ಟಕ್ಕೆ ಇಷ್ಟು ತಯಾರಿ ಬೇಕೆ?

ತಿಪ್ಪೇರುದ್ರನ ಮನೆಯ ಹಿತ್ತಲಿಗೆ ಬಂದಾಗ ಒಬ್ಬ ಹೆಂಗಸು ನೈಟಿ ಹಾಕಿಕೊಂಡು, ಮೇಲೊಂದು ಟವೆಲ್ಲು ಹೊದ್ದು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಗೋಣೆಪ್ಪ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಹೆಂಗಸು ಹೊರೆಯನ್ನು ದೊಪ್ಪೆಂದು ಕೆಳಗೆ ಹಾಕಿದಳು.

"ಏನ್ರೀ, ಗುರುತು ಸಿಗಲಿಲ್ವಾ?"

ಶಂಕರಮ್ಮ. ಸ್ವಲ್ಪ ಮೈ ತುಂಬಿಕೊಂಡಿದ್ದಳು. ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದಳು. ಕೊಟ್ಟಿಗೆಯ ಪಕ್ಕದಲ್ಲೇ ನಲ್ಲಿ, ಅದರ ಕೆಳಗೆ ತುಂಬಿ ಚೆಲ್ಲುತ್ತಿದ್ದ ಬಕೆಟ್ಟು. ಅವನು ಮೊದಲು ಹೋಗಿ ಆ ನಲ್ಲಿ ನಿಲ್ಲಿಸಿದ.

ಒಳಗಿನಿಂದ ತಿಪ್ಪೇರುದ್ರನ ಸೊಸೆ ಸುನೀತಾ ನಗುತ್ತಾ ಬಂದಳು. "ನಾನೇ ಕಣ್ರೀ ಮಾವ ಎರಡು ನೈಟಿ ತಂದುಕೊಟ್ಟಿದ್ದು. ಹೊಲ, ಎಮ್ಮೆ ಅಂತ ಓಡಾಡಾಕೆ ಆರಾಮ ಆಗುತ್ತೆ. ಮೊದ್ಲು ಬ್ಯಾಡ ಅಂದ್ರು, ಈಗ ಬಿಚ್ಚಾದೇ ಇಲ್ಲ."

ಊಟಕ್ಕೆ ಕೂರಿಸಿದರು. ಅನ್ನ, ಸಾರು, ಎಮ್ಮೆ ಮೊಸರು. ತಿಪ್ಪೇರುದ್ರ ಎದುರಿಗೆ ಕೂತು ವಿಚಾರಿಸಿದ. ಗೋಣೆಪ್ಪ ಆಕಳ ಕಥೆ ಹೇಳಿದ. ಸೀರೆಯ ಭಾಗ ಬಂದಾಗ ತಿಪ್ಪೇರುದ್ರನಿಗೆ ಅನ್ನ ನೆತ್ತಿಗೇರಿತು.

"ಭಾವ, ನಿನ್ನ ಹಂಗೆ ನೋಡಾಕೆ ಟಿಕೆಟ್ ಇಟ್ಟರೂ ಬತ್ತಿದ್ದೆ."

"ನಗು ಮಾರಾಯ. ಊರೇ ನಕ್ಕಾತು."

"ನಗಾದು ಬಿಡು. ಒಂದು ಮಾತು ಮೊದ್ಲೇ ಹೇಳ್ತೀನಿ. ಅಕ್ಕನ್ನ ಕರ್ಕಂಡು ಹೋಗ್ತೀನಿ ಅಂದ್ರೆ ಎಮ್ಮೇನೂ ಗಾಡಿ ಹತ್ತಿಸ್ಕ. ಗಬ್ಬದ್ದು ಇವತ್ತೋ ನಾಳೆನೋ ಈಯಂಗೈತೆ. ಆಕೆ ಇಲ್ದೆ ನಾವು ಮುಟ್ಟಾಕಾಗಲ್ಲ. ಸಿಟ್ಟಿಗೆ ಹೇಳಿದ್ದಲ್ಲ ಭಾವ, ಇರಾ ವಿಷಯ ಹೇಳಿದೆ."

ಗೋಣೆಪ್ಪ ಮೊಸರನ್ನದಲ್ಲಿ ಬೆರಳಾಡಿಸುತ್ತಾ ತಲೆಯಾಡಿಸಿದ. ಊರಲ್ಲಿ ಸಿಗುವ ಮೇವು ಒಂದು ಆಕಳಿನ ಅರೆಹೊಟ್ಟೆಗೆ. ಮೂರು ಬಾಯಿಗೆ ಎಲ್ಲಿಂದ ತರಲಿ? ಎಮ್ಮೆ ಊರಿಗೆ ಬಂದರೆ ವಾರದೊಳಗೆ ಸಂತೆಗೆ ಹೋಗಬೇಕು. ಶಂಕರಮ್ಮ ಆ ಎಮ್ಮೆಗಳನ್ನು ಕರುವಾಗಿದ್ದಾಗಿನಿಂದ ಸಾಕಿದವಳು.

ಊಟ ಆದ ಮೇಲೆ ಕೊಟ್ಟಿಗೆಯಲ್ಲಿ ಗಂಡ ಹೆಂಡತಿ ಇಬ್ಬರೇ ಆದರು. ಗಬ್ಬದ ಎಮ್ಮೆಯ ಹಿಂದೆ, ಬಣವೆಗೆ ಒರಗಿಸಿ, ಒಂದು ಮಂಚ ಇತ್ತು. ಅದರ ಮೇಲೆ ಶಂಕರಮ್ಮನ ಕೌದಿ ಮಡಚಿಟ್ಟಿತ್ತು.

"ನೀನು ಇಲ್ಲೇ ಮಲಗ್ತೀಯಾ?"

"ಎಮ್ಮೆ ಯಾವಾಗ ಈಯ್ತೈತೋ. ಒಳಗೆ ಅವರವರದು ಅವರವರಿಗೆ ಐತೆ. ರಾತ್ರಿ ಟಿವಿ ನೋಡ್ತಾರೆ." ಕೌದಿ ಸರಿಮಾಡುತ್ತಾ ಕೇಳಿದಳು, "ಯಾಕೆ ಬಂದ್ರಿ?"

"ಹೇಳಿದ್ನಲ್ಲ. ಸೀರೆಗೆ."

"ಸೀರೆಗೆ."

"ಅಂತರಘಟ್ಟಮ್ಮ ತೊಳೆದುಬಿಟ್ಟಳು. ಟ್ಯಾಂಕರು ಎರಡು ಸಲ ಬಂದಿತ್ತು."

"ಅದೂ ಹೇಳಿದ್ರಿ."

ಶಂಕರಮ್ಮ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಕಾದಳು. ಗೋಣೆಪ್ಪ ಮೇವು ಬ್ಯಾಂಕಿನಲ್ಲಿ ಜನ ಜಗಳವಾಡಿದ್ದು ಹೇಳಿದ. ಚೊಂಬು ನೆಗ್ಗಿದ್ದು ಹೇಳಿದ. ಹೇಮಾವತಿಯ ಪಾತ್ರೆ ಚೆಲ್ಲಿದ್ದನ್ನೂ ಹೇಳಿದ. ಅವಳು ನಕ್ಕಳು, ಮತ್ತೆ ಕಾದಳು. ಅವನ ಮಾತು ಮುಗಿಯಿತು. ಎಮ್ಮೆ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು.

"ಸಣ್ಣಗಾಗೀರಿ," ಎಂದಳು ಅವಳೇ ಕೊನೆಗೆ. "ಏನ್ ಉಣ್ತೀರಿ ಅಲ್ಲಿ?"

"ಮುದ್ದೆ ಮಾಡ್ಕಂತೀನಿ."

"ನಿಮ್ಮ ಮುದ್ದೆ ನನಗೆ ಗೊತ್ತಿಲ್ವಾ? ನೋಡ್ರಿ, ಈ ಸಲ ಸೀರೆ ಉಟ್ಟರೂ ಕರಿಕಿವಿ ಇಳಿಸಲಿಲ್ಲ ಅಂದ್ರೆ ಅದನ್ನ ಮಾರಾದೂ ಬ್ಯಾಡ, ಬೀಗ ಹಾಕಾದೂ ಬ್ಯಾಡ. ಒಂದು ಫೋನ್ ಮಾಡ್ರಿ. ನಾನೇ ಬತ್ತೀನಿ."

"ಎಮ್ಮೆ?"

"ಎಮ್ಮೆದು ನಾನು ನೋಡ್ಕಂತೀನಿ. ನಿಮಗೆ ಯಾಕೆ?"

ಒಳಗೆ ಹೋಗಿ ಬಟ್ಟೆ ಅಂಗಡಿಯ ಒಂದು ಕವರು ತಂದು ಕೊಟ್ಟಳು. ಅದರೊಳಗೆ ಹೂವಿನ ಸೀರೆ. ಅವನು ಎಂದೂ ನೋಡಿರದ ಸೀರೆ.

"ತಮ್ಮ ಯುಗಾದಿಗೆ ಕೊಡಿಸಿದ್ದು. ಮೊನ್ನೆ ಮದುವೆಗೆ ಉಟ್ಟಿದ್ದೆ, ತೊಳೆದಿಲ್ಲ. ಬಿಗಿಯಾಗಿ ಕಟ್ಟಿಟ್ಕಳ್ರಿ, ವಾಸ್ನೆ ಹೋಗಬಾರದು."

ಬಸ್ ಸ್ಟಾಪಿನ ತನಕ ಬಂದಳು, ನೈಟಿಯಲ್ಲೇ. ಬಸ್ಸು ಬರುವ ತನಕ ಇಬ್ಬರೂ ರಸ್ತೆ ನೋಡುತ್ತಾ ನಿಂತರು. ಬಸ್ಸು ಬಂದಾಗ ಅವನು, "ಎಮ್ಮೆ ಹುಷಾರು," ಎಂದ. ಅವಳು, "ಹ್ಞೂಂ," ಎಂದಳು.

ಹೊನ್ನಾಳಿ ದಾಟಿದ ಮೇಲೆ ಪಕ್ಕದ ಸೀಟು ಖಾಲಿಯಾಯಿತು. ಗೋಣೆಪ್ಪ ಕವರಿನ ಬಾಯಿ ಸ್ವಲ್ಪ ಬಿಚ್ಚಿ ಮೂಗು ಹತ್ತಿರ ತಂದ. ಯಾವುದೋ ಪೌಡರ್ ವಾಸನೆ, ಯಾವುದೋ ತಲೆಯೆಣ್ಣೆ. ಶಂಕರಮ್ಮ ಅದರಲ್ಲೆಲ್ಲೂ ಇರಲಿಲ್ಲ. ಮತ್ತೆ ಮೂಸಿದ. ಮೂವತ್ತೈದು ವರ್ಷ ಪಕ್ಕದಲ್ಲಿ ಮಲಗಿದ ಹೆಂಗಸಿನ ವಾಸನೆ ಒಂದೂವರೆ ತಿಂಗಳಿಗೆ ಹೀಗೆ ಬದಲಾಗಿಬಿಡುತ್ತದೆಯೇ? ಬೇರೆ ನೀರು, ಬೇರೆ ಸೋಪು, ಬೇರೆ ಅನ್ನ. ಬದಲಾಗದೆ ಏನು ಮಾಡೀತು? ಅವಳಿಗೆ ಅಲ್ಲಿ ಕೈಗೆ ಸಿಗುವ ನಲ್ಲಿ ಇದೆ. ಹಿಂದಿನ ಬರದಲ್ಲಿ ಇದೇ ಶಂಕರಮ್ಮ ಟ್ಯಾಂಕರಿನ ನೂಕಾಟದಲ್ಲಿ ಬಿದ್ದು, ಮೊಣಕೈ ಸುಲಿದುಕೊಂಡು, ಅರ್ಧ ಬಿಂದಿಗೆ ಹೊತ್ತು ಬಂದಿದ್ದಳು. ಕವರಿನ ಬಾಯಿಯನ್ನು ಗಂಟು ಹಾಕಿ, ಮೇಲೊಂದು ಗಂಟು ಹಾಕಿ, ತೊಡೆಯ ಮೇಲಿಟ್ಟುಕೊಂಡ. ದಾವಣಗೆರೆ ಬರುವ ತನಕ ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ಮಾರನೇ ಬೆಳಿಗ್ಗೆ ಗೋಣೆಪ್ಪ ಕೊಟ್ಟಿಗೆಯ ಬಾಗಿಲು ಹಾಕಿಕೊ‍ಳ್ಳಲೂ ಇಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ಬಾಗಿಲು ಯಾತಕ್ಕೆ? ಹೂವಿನ ಸೀರೆ ಸುತ್ತಿಕೊಂಡು ಕೂತ. ಕರಿಕಿವಿ ಮೂಸಿತು. ಮುಖ ತಿರುಗಿಸಿತು. ಈ ಸಲ ಒದೆಯಲೂ ಇಲ್ಲ, ಅದೇ ಅವನಿಗೆ ಹೆಚ್ಚು ನೋವು ತಂದಿತು. ಸುಮ್ಮನೆ ಗೋಡೆ ನೋಡುತ್ತಾ ನಿಂತುಬಿಟ್ಟಿತು. ಕೆಚ್ಚಲು ಸೋತು ಸಣ್ಣಗಾಗಿತ್ತು. ಅರ್ಧ ಗಂಟೆ ಬೈದುಕೊಂಡ, ನೀವಿದ, ಹಿಂಡಿದ. ಚೊಂಬಿನ ತಳ ಮುಚ್ಚಲಿಲ್ಲ.

ಸೀರೆ ಬಿಚ್ಚಿ ಕೂತಿದ್ದಾಗ ಫೋನ್ ಬಂತು.

"ಇಳಿಸ್ತಾ?" ಎಂದಳು ಶಂಕರಮ್ಮ. ದನಿಯಲ್ಲಿ ಏನೋ ಅವಸರ.

ಇಲ್ಲ ಎಂದರೆ ಸಾಕಿತ್ತು. ಅವಳು ಬರುತ್ತಾಳೆ. ಎಮ್ಮೆಗಳೂ ಬರುತ್ತವೆ, ಸಂತೆಗೆ ಹೋಗುತ್ತವೆ, ಅವಳು ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಾಳೆ. ಆ ಚೆಲ್ಲುತ್ತಿದ್ದ ಬಕೆಟ್ಟು ಅವನ ಕಣ್ಣ ಮುಂದೆ ಬಂತು.

"ಹ್ಞೂಂ, ಇಳಿಸ್ತು," ಎಂದ.

"ಇಳಿಸ್ತಾ?"

"ಒಂದೂವರೆ ಲೀಟ್ರು. ಯಾವಾಗಿನಂಗೆ."

"ಸೀರೆ ಮೂಸಿ ನೋಡ್ತಾ?"

"ಮೂಸ್ದೆ ಇರ್ತೈತಾ? ಮೂಸಿ ಮೂಸಿ ಕಣ್ಣು ಮುಚ್ಕಂತು. ನಿನ್ನ ವಾಸ್ನೆ ಅದಿನ್ನೂ ಮರೆತಿಲ್ಲ." ಒಮ್ಮೆ ಶುರುವಾದ ಮೇಲೆ ಸುಳ್ಳು ತನ್ನ ಪಾಡಿಗೆ ಓಡುತ್ತಿತ್ತು. "ನೀನೇನೂ ಬರಾದು ಬ್ಯಾಡ. ಆರಾಮಾಗಿರು. ಎಮ್ಮೆ ಈಯಲಿ."

ಗೋಣೆಪ್ಪ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಲೈನು ಇತ್ತು.

"ಅದು ನನ್ನ ಸೀರೆ ಅಲ್ಲ ಕಣ್ರೀ," ಎಂದಳು ಶಂಕರಮ್ಮ ಮೆಲ್ಲಗೆ. "ಸುನೀತಂದು. ನಾನು ಮೈಮ್ಯಾಲೆ ಹಾಕ್ಕಂಡೇ ಇಲ್ಲ."

ಗೋಣೆಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೀರೆ ಸೋಲಲಿ ಎಂದೇ ಅವಳು ಕೊಟ್ಟದ್ದು. ಸೋತರೆ ಅವನು ಫೋನ್ ಮಾಡುತ್ತಾನೆ, ಬಾ ಎನ್ನುತ್ತಾನೆ, ಎಮ್ಮೆ ಗಿಮ್ಮೆ ಏನಾದರಾಗಲಿ ಹೋಗಿಬಿಡೋಣ ಎಂದು ಕಾದು ಕೂತಿದ್ದಳು. ಇವನು ನೋಡಿದರೆ ಸೋತ ಸೀರೆಯನ್ನು ಗೆಲ್ಲಿಸಿಬಿಟ್ಟಿದ್ದ.

"ಮತ್ಯಾಕೆ ಕೊಟ್ಟೆ ಅದನ್ನ?"

"ನೀವ್ಯಾಕೆ ಸುಳ್ಳು ಹೇಳಿದ್ರಿ?"

ಗೋಣೆಪ್ಪ ಪಕ್ಕದಲ್ಲಿ ಬಿದ್ದಿದ್ದ ಹೂವಿನ ಸೀರೆಯನ್ನು ಕೈಗೆತ್ತಿಕೊಂಡ.

"ನಾನು ಬರಾದು ಅಷ್ಟೊಂದು ಬ್ಯಾಡಾಗಿದ್ರೆ," ಎಂದಳು ಶಂಕರಮ್ಮ, "ಮುಖಕ್ಕೆ ಹೇಳಬಹುದಿತ್ತು. ಕೊಟ್ಟಿಗೇಲಿ ಅಷ್ಟೊತ್ತು ನಿಂತಿದ್ದೆ."

"ಹಂಗಲ್ಲ ಕಣೇ…"

ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅವಳೇ ಇಟ್ಟಳೋ, ನೆಟ್‌ವರ್ಕ್ ಹೋಯಿತೋ. ಆ ಊರಿನಲ್ಲಿ ಎರಡೂ ದಿನಕ್ಕೆ ಹತ್ತು ಸಲ ಆಗುವಂಥದ್ದು. ಗೋಣೆಪ್ಪ ಹೆಬ್ಬೆರಳಿನಿಂದ ಅವಳ ನಂಬರು ಒತ್ತಿದ. ನೀವು ಕರೆ ಮಾಡುತ್ತಿರುವವರು ಬೇರೊಂದು ಕರೆಯಲ್ಲಿದ್ದಾರೆ ಎಂದು ಒಂದು ಹೆಣ್ಣುದನಿ ಬಹಳ ಮರ್ಯಾದೆಯಿಂದ ಹೇಳಿತು. ಇಷ್ಟು ಬೇಗ ಇನ್ಯಾರ ಜೊತೆ ಮಾತಿಗೆ ನಿಂತಳು? ಮತ್ತೆ ಒತ್ತಿದ, ಮತ್ತೆ ಅದೇ ದನಿ. ಇಳಿಸಿ ನೋಡಿದರೆ ಪರದೆಯ ಮೇಲೆ ಶಂಕರಮ್ಮನ ಎರಡು ಮಿಸ್ಡ್ ಕಾಲ್ ಇದ್ದವು. ಅವನು ಒತ್ತುವ ಹೊತ್ತಿಗೇ ಅವಳೂ ಒತ್ತುತ್ತಿದ್ದಳು.

ಸರಿ, ಅವಳೇ ಮಾಡಲಿ ಎಂದು ಸುಮ್ಮನಾದ. ಫೋನನ್ನು ಗೋದಲಿಯ ಕಟ್ಟೆ ಮೇಲಿಟ್ಟು ಅದನ್ನೇ ನೋಡುತ್ತಾ ಕೂತ. ಅದು ಮಿಸುಕಲಿಲ್ಲ. ಅವನು ಮಾಡಲಿ ಎಂದು ಆ ಕಡೆ ಅವಳೂ ಹೀಗೆಯೇ ಕೂತಿರಬಹುದು.

ಬೀದಿಯ ತುದಿಯಲ್ಲಿ ಟ್ಯಾಂಕರಿನ ಹಾರನ್ ಕೇಳಿತು. ಮೂರನೇ ದಿನ. ಈಗ ಹೋಗದಿದ್ದರೆ ಇನ್ನು ಮೂರು ದಿನ ಆಕಳಿಗೂ ನೀರಿಲ್ಲ, ಅವನಿಗೂ ಇಲ್ಲ. ಗೋಣೆಪ್ಪ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬಿಂದಿಗೆಗಳನ್ನು ಎತ್ತಿಕೊಂಡು ಓಡಿದ. ಹೆಂಗಸರ ಸಾಲಿನಲ್ಲಿ ಹನ್ನೊಂದನೆಯವನಾಗಿ ನಿಂತ. ಟ್ಯಾಂಕರಿನ ಮೋಟರು ಗುರ್ರೆನ್ನುತ್ತಿತ್ತು, ಪೈಪಿಗಾಗಿ ಕೂಗಾಟ ಶುರುವಾಗಿತ್ತು. ಆ ಗದ್ದಲದಲ್ಲಿ ಫೋನ್ ಬಂದರೂ ಕೇಳುವಂತಿರಲಿಲ್ಲ.

"ಗೋಣೆಪ್ಪಣ್ಣ, ಇಳಿಸ್ತಾ?" ಎಂದು ಮುಂದಿನಿಂದ ಅಂತರಘಟ್ಟಮ್ಮ ಕೂಗಿದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಸಾಲು ಒಂದು ಬಿಂದಿಗೆಯಷ್ಟು ಮುಂದಕ್ಕೆ ಹೋಯಿತು. ಅವನೂ ಹೋದ, ಒಂದು ಕೈಯಲ್ಲಿ ಬಿಂದಿಗೆ ನೂಕುತ್ತಾ, ಇನ್ನೊಂದು ಕೈಯನ್ನು ಜೇಬಿನ ಮೇಲೆ ಒತ್ತಿ ಹಿಡಿದು, ಫೋನ್ ನಡುಗಿದರೆ ಗೊತ್ತಾಗಲಿ ಎಂದು.